ಕಲಬುರಗಿಯಿಂದ ಉಪ್ಪಲ್‌ಗೆ: ಅರವತ್ತು ದಾಟಿದವರ ಟೆಸ್ಟ್ ಪಂದ್ಯದ ಪ್ರವಾಸ

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಬೆಳಗಿನ ವಾಯುವಿಹಾರಕ್ಕೆಂದು ಬರುವ ನಾವು ಐದು ಮಂದಿ. ಎಲ್ಲರಿಗಿಂತ ಕಿರಿಯನಾದ ನನಗೆ ಆಗ 62 ವರ್ಷ, ಎಲ್ಲರಿಗಿಂತ ಹಿರಿಯರಿಗೆ 78. ಪ್ರೌಢಶಾಲೆಯ ಮಾಸ್ತರನಾಗಿ ನಿವೃತ್ತನಾದ ನಾನು, ಬ್ಯಾಂಕಿನಲ್ಲಿದ್ದ ಒಬ್ಬ ಗೆಳೆಯ, ವಿಮಾ ಕಚೇರಿಯಲ್ಲಿದ್ದ ಇನ್ನೊಬ್ಬ ಗೆಳೆಯ, ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ನಾವೆಲ್ಲ ಅಕ್ಕೋರು ಎಂದೇ ಕರೆಯುವ ಅವರ ಪತ್ನಿ, ಮತ್ತು ಆ ಹಿರಿಯರು. ನಮ್ಮನ್ನು ಒಟ್ಟುಗೂಡಿಸಿದ್ದು ನೌಕರಿಯಲ್ಲ, ನೆಂಟಸ್ತಿಕೆಯಲ್ಲ, ಕ್ರಿಕೆಟ್ ಮಾತ್ರ. ಆದರೆ ನಿವೃತ್ತಿಯಾದ ಮೇಲೆ ನಮ್ಮ ಆಟ ನೋಡುವಿಕೆ ಟಿವಿಯ ಮುಂದೆಯೇ ಉಳಿದುಹೋಗಿತ್ತು. ಐಪಿಎಲ್ ಪಂದ್ಯಗಳು ರಾತ್ರಿ ಏಳೂವರೆಗೆ ಆರಂಭವಾಗಿ ಮುಗಿಯುವಾಗ ಹನ್ನೊಂದು ದಾಟುತ್ತದೆ, ಆ ಹೊತ್ತಿಗೆ ನಮ್ಮಲ್ಲಿ ಮೂವರು ಮಾತ್ರೆ ತೆಗೆದುಕೊಂಡು ಮಲಗಿರುತ್ತಾರೆ. ಟೆಸ್ಟ್ ಪಂದ್ಯ ಹಾಗಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಆರಂಭವಾಗಿ ನಾಲ್ಕೂವರೆಗೆ ನಿಲ್ಲುವ, ನಡುವೆ ಊಟಕ್ಕೂ ಚಹಾಕ್ಕೂ ಬಿಡುವಿರುವ ಆ ದಿನಚರಿ ನಮ್ಮ ವಯಸ್ಸಿನವರಿಗೆ ಹೇಳಿಮಾಡಿಸಿದಂತಿದೆ. ನೌಕರಿಯಲ್ಲಿದ್ದಾಗ ಐದು ದಿನ ರಜೆ ಹಾಕುವುದು ಕನಸಿನ ಮಾತಾಗಿತ್ತು, ಈಗ ರಜೆ ಯಾರನ್ನೂ ಕೇಳಬೇಕಾಗಿಲ್ಲ.

2024ರ ಜನವರಿ 25ರಿಂದ ಹೈದರಾಬಾದಿನ ಉಪ್ಪಲ್‌ನಲ್ಲಿರುವ ರಾಜೀವ್ ಗಾಂಧಿ ಅಂತರರಾಷ್ಟ್ರೀಯ ಕ್ರೀಡಾಂಗಣದಲ್ಲಿ ಭಾರತ ಮತ್ತು ಇಂಗ್ಲೆಂಡ್ ನಡುವಿನ ಸರಣಿಯ ಮೊದಲ ಟೆಸ್ಟ್ ನಿಗದಿಯಾದಾಗ, ಹಿರಿಯರೇ ಮೊದಲು ಮಾತು ತೆಗೆದರು: "ಇನ್ನ ಎಷ್ಟ್ ದಿನ ಟಿವಿ ಮುಂದ ಕೂಡೋದ್ರಿ ಮಾಸ್ತರ್? ಹೈದರಾಬಾದ್ ಏನ್ ದೂರ ಅದ?" ದೂರವೇನೂ ಇಲ್ಲ. ಕಲಬುರಗಿಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಎಷ್ಟೋ ಹತ್ತಿರ. ಇದೇ ಪ್ರವಾಸ ಮಾಡಬೇಕೆನ್ನುವ ನಮ್ಮ ಭಾಗದ ಹಿರಿಯ ಕ್ರೀಡಾಪ್ರೇಮಿಗಳಿಗೆ ಉಪಯೋಗವಾಗಲೆಂದು, ನಾವು ಸರಿಯಾಗಿ ಮಾಡಿದ್ದನ್ನೂ ತಪ್ಪಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಉಪ್ಪಲ್‌ನಲ್ಲಿ ಟೆಸ್ಟ್ ಪಂದ್ಯಗಳು ಮೇಲಿಂದ ಮೇಲೆ ನಡೆಯುವುದಿಲ್ಲ. 2010ರಲ್ಲಿ ಮೊದಲ ಟೆಸ್ಟ್ ನಡೆದ ಮೇಲೆ ನಾವು ನೋಡಿದ್ದು ಆರನೆಯದು, ಅದಕ್ಕೂ ಹಿಂದಿನದು ನಡೆದದ್ದು 2018ರಲ್ಲಿ. ಆದ್ದರಿಂದ ವೇಳಾಪಟ್ಟಿ ಪ್ರಕಟವಾದ ಕೂಡಲೇ ನಿರ್ಧಾರ ಮಾಡಿಬಿಡಬೇಕು. ಟೆಸ್ಟ್ ಇಲ್ಲದ ವರ್ಷಗಳಲ್ಲಿ ಅಲ್ಲಿ ನಡೆಯುವ ರಣಜಿ ಪಂದ್ಯಕ್ಕೆ ಹೋಗಿಬರಬಹುದು. ಜನಸಂದಣಿ ಇರುವುದಿಲ್ಲ, ಬೇಕಾದಲ್ಲಿ ಕುಳಿತುಕೊಳ್ಳಬಹುದು, ಮತ್ತು ಮಂಡಿನೋವು, ರಕ್ತದೊತ್ತಡ ಇರುವವರಿಗೆ ತಮ್ಮ ಶಕ್ತಿ ಎಷ್ಟೆಂದು ತಿಳಿದುಕೊಳ್ಳಲು ಅದೊಂದು ಒಳ್ಳೆಯ ಪೂರ್ವಾಭ್ಯಾಸ.

ರೈಲಿನಲ್ಲಿ ಹೋಗುವುದಾದರೆ ಕಲಬುರಗಿಯಿಂದ ವಾಡಿ, ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ಮಾರ್ಗವಾಗಿ ಹೋಗಬೇಕು. ಮುಂಬೈಯಿಂದ ಬರುವ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ನಮಗೆಲ್ಲ ಪರಿಚಿತವಾದದ್ದು. ಯಾದಗಿರಿಯವರು ವಾಡಿಯಲ್ಲಿ ರೈಲು ಬದಲಿಸಬಹುದು, ಬೀದರಿನವರಿಗೆ ಜಹೀರಾಬಾದ್ ಮೂಲಕ ಬಸ್ಸೂ ರೈಲೂ ಎರಡೂ ಅನುಕೂಲ. ಹಿರಿಯ ನಾಗರಿಕರಿಗೆ ರೈಲ್ವೆ ಕೊಡುತ್ತಿದ್ದ ಪ್ರಯಾಣದರದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು, ಆ ನಿರೀಕ್ಷೆ ಇಟ್ಟುಕೊಂಡು ಲೆಕ್ಕ ಹಾಕಬೇಡಿ. ಆದರೆ ಕೆಳಗಿನ ಬರ್ತ್‌ನ ಹಿರಿಯ ನಾಗರಿಕರ ಕೋಟಾ ಇದೆ. ಒಂದು ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರು ಮಾತ್ರ ಇದ್ದರೆ ಅದು ಅನ್ವಯಿಸುತ್ತದೆಯಾದ್ದರಿಂದ, ಐವರ ಹೆಸರನ್ನೂ ಒಂದೇ ಟಿಕೆಟ್‌ನಲ್ಲಿ ಸೇರಿಸದೆ ಇಬ್ಬಿಬ್ಬರಂತೆ ಕಾದಿರಿಸುವುದು ಜಾಣತನ. ಬಸ್ಸಿನಲ್ಲಿ ಹೋಗುವ ಮಹಿಳೆಯರು ನೆನಪಿಡಬೇಕಾದ ಒಂದು ಮಾತಿದೆ: ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗೆ ಮಾತ್ರ, ಅಂತರರಾಜ್ಯ ಬಸ್ಸಿಗೆ ಟಿಕೆಟ್ ಕೊಳ್ಳಲೇಬೇಕು.

ಪಂದ್ಯದ ದಿನವೇ ಊರಿನಿಂದ ಹೊರಟು ಆಟ ನೋಡುತ್ತೇವೆನ್ನುವ ಸಾಹಸ ನಮ್ಮ ವಯಸ್ಸಿಗೆ ಸಲ್ಲದು. ನಾವು ಬುಧವಾರವೇ ಹೋದೆವು. ತಂಗುವ ಜಾಗವನ್ನು ಆರಿಸುವಾಗ ನಾಂಪಲ್ಲಿಯ ಸುತ್ತಮುತ್ತ ಅಗ್ಗದ ವಸತಿಗೃಹ ಸಿಗುತ್ತದೆಂದು ಮರುಳಾಗದೆ, ಮೆಟ್ರೋದ ನೀಲಿ ಮಾರ್ಗದಲ್ಲಿ, ಅಂದರೆ ಸಿಕಂದರಾಬಾದ್, ತಾರ್ನಾಕಾ, ಹಬ್ಸಿಗುಡದ ಬದಿಯಲ್ಲಿ ಇರುವುದು ಲೇಸು. ಆ ಮಾರ್ಗದಲ್ಲಿ 'ಸ್ಟೇಡಿಯಂ' ಎಂಬ ಹೆಸರಿನದೇ ಒಂದು ನಿಲ್ದಾಣವಿದೆ, ಹಬ್ಸಿಗುಡದಿಂದ ಅದು ಎರಡನೆಯದು. ಬೇಗಂಪೇಟೆಯಲ್ಲಿ ರೈಲಿನಿಂದ ಇಳಿದವರಿಗೂ ಅದೇ ನೀಲಿ ಮಾರ್ಗ ಸಿಗುವುದರಿಂದ ಎಲ್ಲಿಯೂ ಬದಲಿಸಬೇಕಾಗಿಲ್ಲ. ನಾಂಪಲ್ಲಿಯಲ್ಲಿ ಇಳಿದರೆ ಕೆಂಪು ಮಾರ್ಗದಲ್ಲಿ ಹೊರಟು ಅಮೀರ್‌ಪೇಟೆಯಲ್ಲಿ ಬದಲಿಸಬೇಕು, ಅಲ್ಲಿನ ಜನದಟ್ಟಣೆ ಕೈಯಲ್ಲಿ ಚೀಲ ಹಿಡಿದ ಹಿರಿಯರಿಗೆ ಕಷ್ಟ. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಮೆಟ್ಟಿಲು ಹತ್ತಬಲ್ಲೆವೆಂಬ ಹುಮ್ಮಸ್ಸನ್ನು ಕ್ರೀಡಾಂಗಣದ ಮೆಟ್ಟಿಲುಗಳಿಗಾಗಿ ಉಳಿಸಿಕೊಳ್ಳಿ. ಭಾಷೆಯ ಚಿಂತೆ ಬೇಡ, ನಮ್ಮ ಕಲಬುರಗಿಯ ಬಜಾರಿನ ಹಿಂದಿ ಅಲ್ಲಿ ಸಲೀಸಾಗಿ ನಡೆಯುತ್ತದೆ.

ಬುಧವಾರ ಸಂಜೆ ಹಿರಿಯರ ಒತ್ತಾಯಕ್ಕೆ ನಾವು ಲಾಲ್ ಬಹದ್ದೂರ್ ಕ್ರೀಡಾಂಗಣಕ್ಕೆ ಹೋದೆವು. ಇದನ್ನು ಯಾರೂ ತಪ್ಪಿಸಬಾರದೆಂಬುದು ನನ್ನ ಅಭಿಪ್ರಾಯ. ಹಿಂದೆ ಫತೇ ಮೈದಾನ್ ಎನ್ನುತ್ತಿದ್ದ ಈ ಜಾಗದಲ್ಲಿಯೇ 1955ರ ನವೆಂಬರ್‌ನಲ್ಲಿ ಹೈದರಾಬಾದಿನ ಮೊದಲ ಟೆಸ್ಟ್ ನಡೆದದ್ದು, ನ್ಯೂಜಿಲೆಂಡ್ ವಿರುದ್ಧ ಪಾಲಿ ಉಮ್ರಿಗರ್ 223 ರನ್ ಹೊಡೆದು ಟೆಸ್ಟ್‌ನಲ್ಲಿ ದ್ವಿಶತಕ ಗಳಿಸಿದ ಮೊದಲ ಭಾರತೀಯರೆನಿಸಿದ್ದು. 1956ರ ನವೆಂಬರ್ 1ರವರೆಗೆ ಕಲಬುರಗಿ, ಬೀದರ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು, ಹೀಗಾಗಿ ಅದು ಆಗ ನಮ್ಮದೇ ರಾಜಧಾನಿಯಲ್ಲಿ ನಡೆದ ಪಂದ್ಯ. ಹಿರಿಯರ ತಂದೆಯವರು ಕಚೇರಿಯ ಕೆಲಸದ ನಿಮಿತ್ತ ಹೋಗಿದ್ದವರು ಒಂದು ದಿನದ ಆಟ ನೋಡಿ ಬಂದಿದ್ದರಂತೆ. ಒಂಬತ್ತು ವರ್ಷದ ಮಗ ತಾನೂ ಬರುತ್ತೇನೆಂದು ಅತ್ತರೂ ಕರೆದುಕೊಂಡು ಹೋಗಿರಲಿಲ್ಲ. ಈಗ ಗೇಟಿನ ಬಳಿ ನಿಂತು ಹಿರಿಯರು ಬಹಳ ಹೊತ್ತು ಒಳಗೆ ನೋಡಿದರು. ಎಂ.ಎಲ್. ಜಯಸಿಂಹ, ಅಬ್ಬಾಸ್ ಅಲಿ ಬೇಗ್, ಅಜರುದ್ದೀನ್, ಲಕ್ಷ್ಮಣ್ ಇವರ ಊರಿನ ಈ ಮೈದಾನದಲ್ಲಿ 1988ರ ಬಳಿಕ ಟೆಸ್ಟ್ ನಡೆದಿಲ್ಲ.

ಇನ್ನು ಆಸನದ ವಿಷಯ, ಇದರಲ್ಲಿ ನಾವು ತಪ್ಪಿದೆವು. ಟಿಕೆಟ್ ಕಾದಿರಿಸುವಾಗ ಬೆಲೆಯನ್ನಷ್ಟೇ ನೋಡಿ ಪೂರ್ವದ ಬದಿಯಲ್ಲಿ ಕುಳಿತೆವು. ಪಿಚ್ ಉತ್ತರ ದಕ್ಷಿಣವಾಗಿರುವುದರಿಂದ ಪೂರ್ವದಲ್ಲಿ ಕುಳಿತವರಿಗೆ ಬೆಳಗಿನ ಬಿಸಿಲು ಬೆನ್ನಿಗೆ ಬೀಳುತ್ತದೆ, ಆದರೆ ಮಧ್ಯಾಹ್ನದ ಊಟದ ನಂತರ ಸೂರ್ಯ ನೇರವಾಗಿ ಕಣ್ಣಿಗೆ. ಕೆಲವೇ ತಿಂಗಳ ಹಿಂದೆ ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಅಕ್ಕೋರಿಗೆ ಕೊನೆಯ ಅವಧಿಯಲ್ಲಿ ಚೆಂಡು ಕಾಣುವುದೇ ಕಷ್ಟವಾಯಿತು. ದುಡ್ಡು ಸ್ವಲ್ಪ ಹೆಚ್ಚಾದರೂ ಸರಿ, ಪಶ್ಚಿಮದ ಬದಿಯಲ್ಲಿ, ಕೆಳಗಿನ ಹಂತದಲ್ಲಿ, ಸಾಲಿನ ತುದಿಯಲ್ಲಿ ಆಸನ ನೋಡಿ. ಸಾಲಿನ ನಡುವೆ ಕುಳಿತರೆ ಮೂತ್ರಕ್ಕೆ ಹೋಗುವಾಗಲೆಲ್ಲ ಹತ್ತಾರು ಮಂದಿಯನ್ನು ಎಬ್ಬಿಸಬೇಕಾಗುತ್ತದೆ, ಆ ಸಂಕೋಚಕ್ಕೆ ನಮ್ಮ ವಿಮಾ ಗೆಳೆಯರು ಮೊದಲ ದಿನ ನೀರನ್ನೇ ಕುಡಿಯದೆ ಸಂಜೆ ತಲೆಸುತ್ತಿ ಕುಳಿತರು. ಜನವರಿಯ ಬಿಸಿಲೆಂದು ಅಲಕ್ಷ್ಯ ಮಾಡಬಾರದು. ಹೊರಗಿನ ನೀರಿನ ಬಾಟಲಿಗೂ ಊಟದ ಡಬ್ಬಿಗೂ ಒಳಗೆ ಪ್ರವೇಶವಿರುವುದಿಲ್ಲ, ಹಾಗಾಗಿ ನಾವು ಕಟ್ಟಿಕೊಂಡು ಹೋದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ವಸತಿಗೃಹದ ಕೋಣೆಯಲ್ಲಿಯೇ ಬೆಳಗಿನ ಊಟವಾದವು. ಮಧುಮೇಹ ಇರುವವರು ಹೀಗೆ ಹೊಟ್ಟೆ ತುಂಬಿಸಿಕೊಂಡೇ ಹೋಗಬೇಕು, ಮಾತ್ರೆಗಳ ಜತೆಗೆ ವೈದ್ಯರ ಚೀಟಿಯನ್ನೂ ಜೇಬಿನಲ್ಲಿಟ್ಟಿರಬೇಕು. ಶ್ರವಣಯಂತ್ರ ಹಾಕಿಕೊಳ್ಳುವವರಿಗೆ ಆ ಗದ್ದಲ ತಲೆನೋವು ತರುತ್ತದೆ, ಧ್ವನಿ ತಗ್ಗಿಸಿಟ್ಟುಕೊಂಡರೆ ಆಟ ನೋಡಲು ಏನೂ ಕೊರತೆಯಾಗದು.

ನಮ್ಮ ಬ್ಯಾಂಕಿನ ಗೆಳೆಯರು ರೇಡಿಯೋ ವೀಕ್ಷಕ ವಿವರಣೆಯ ಕಾಲದಿಂದಲೂ ಸ್ಕೋರ್ ಪುಸ್ತಕ ಬರೆಯುವವರು. ಸೀಸದ ಕಡ್ಡಿಯನ್ನೂ ಪುಸ್ತಕವನ್ನೂ ಗೇಟಿನಲ್ಲಿ ತಿರುಗಿಸಿ ನೋಡಿ ಬಿಟ್ಟರು. ಇದನ್ನು ನಾನು ಎಲ್ಲ ಹಿರಿಯರಿಗೂ ಒತ್ತಿ ಹೇಳುತ್ತೇನೆ: ಮೈದಾನದಲ್ಲಿ ಟಿವಿಯಂತೆ ಕ್ಷಣಕ್ಷಣಕ್ಕೂ ಮರುಪ್ರಸಾರ ತೋರಿಸುವುದಿಲ್ಲ, ಗಮನ ಜಾರಿದರೆ ವಿಕೆಟ್ ಹೋದದ್ದೂ ತಿಳಿಯುವುದಿಲ್ಲ. ಪ್ರತಿ ಎಸೆತಕ್ಕೂ ಒಂದು ಚುಕ್ಕೆಯನ್ನೋ ಅಂಕಿಯನ್ನೋ ಬರೆಯುತ್ತ ಹೋದಾಗ ದಿನಕ್ಕೆ 90 ಓವರುಗಳಾದರೂ ಮನಸ್ಸು ಅಲ್ಲಿಯೇ ನಿಲ್ಲುತ್ತದೆ. ನಾವು ಸರದಿಯ ಮೇಲೆ ಬರೆದೆವು, ಒಬ್ಬರು ಬರೆಯುವಾಗ ಪಕ್ಕದವರು ಗಟ್ಟಿಯಾಗಿ ಹೇಳುವರು. ಮೊದಲ ದಿನ ಇಂಗ್ಲೆಂಡ್ 246ಕ್ಕೆ ಮುಗಿದು, ಸಂಜೆ ಚೊಚ್ಚಲ ಟೆಸ್ಟ್ ಆಡುತ್ತಿದ್ದ ಟಾಮ್ ಹಾರ್ಟ್ಲಿಯ ಮೊಟ್ಟಮೊದಲ ಎಸೆತವನ್ನೇ ಯಶಸ್ವಿ ಜೈಸ್ವಾಲ್ ಸಿಕ್ಸರಿಗೆ ಎತ್ತಿದಾಗ, ಆ ಪುಟದಲ್ಲಿ '6' ಎಂದು ಬರೆದ ಕೈ ಅಕ್ಕೋರದು. ಎರಡನೆಯ ದಿನ, ಗಣರಾಜ್ಯೋತ್ಸವದಂದು, ನಮ್ಮ ಕರ್ನಾಟಕದ ಕೆ.ಎಲ್. ರಾಹುಲ್ 86ಕ್ಕೆ ಔಟಾದಾಗ ಐವರೂ ಒಟ್ಟಿಗೆ ಛೇ ಎಂದೆವು. ಭಾರತ 436 ರನ್ ಗಳಿಸಿ 190ರ ಮುನ್ನಡೆ ಪಡೆದ ಮೇಲೆ ಮೂರನೆಯ ದಿನ ಊಟದ ಹೊತ್ತಿಗೇ ಮುಗಿದಂತೆ ಎಂದು ಸುತ್ತಲಿನ ಹುಡುಗರು ಮಾತಾಡಿಕೊಳ್ಳುತ್ತಿದ್ದರು. ಹಿರಿಯರು ಮಾತ್ರ ಇಂಗ್ಲೆಂಡಿನ ಬ್ಯಾಟರ್ ಆಲಿ ಪೋಪ್‌ನ ಸ್ವೀಪ್‌ಗಳನ್ನು ನೋಡುತ್ತ, "ಇಂವ ಹೋಗೂತನಕ ಏನೂ ಹೇಳಬ್ಯಾಡ್ರಿ" ಎಂದರು. 110 ರನ್ ಆಗಿದ್ದಾಗ ಅಕ್ಷರ್ ಪಟೇಲ್ ಕೈಯಿಂದ ಜಾರಿದ ಪೋಪ್‌ನ ಕ್ಯಾಚ್ ಸಂಜೆಯವರೆಗೂ ನಮ್ಮ ಮಾತಿನಲ್ಲಿತ್ತು. ದಿನದಾಟ ಮುಗಿದಾಗ ಆತ 148ರಲ್ಲಿ ಇನ್ನೂ ನಿಂತಿದ್ದ.

ದೊಡ್ಡ ತಪ್ಪು ನಡೆದದ್ದು ಅಂದೇ. ಮೂರು ದಿನ ಸಾಕೆಂದು ಹೊರಡುವ ಮೊದಲೇ ಶನಿವಾರ ರಾತ್ರಿಯ ರೈಲಿಗೆ ಟಿಕೆಟ್ ಮಾಡಿಸಿದ್ದೆವು. ಮಕ್ಕಳು ದೂರದ ಊರಿನಿಂದ ದಿನಕ್ಕೆರಡು ಸಲ ಫೋನ್ ಮಾಡಿ ಆರೋಗ್ಯ ವಿಚಾರಿಸುತ್ತಿದ್ದರಲ್ಲ, ಅವರ ಆತಂಕಕ್ಕೆ ಮಣಿದು ಮಾಡಿದ್ದ ಏರ್ಪಾಡು ಅದು. ಭಾನುವಾರದ ಆಟ ಬಿಟ್ಟು ಬರುವಾಗ ಯಾರಿಗೂ ಮಾತು ಬೇಡವಾಗಿತ್ತು. ನೀವು ಹೀಗೆ ಮಾಡಬೇಡಿ. ಹೋಗುವುದು ರೈಲಿನಲ್ಲಾದರೂ ಹಿಂದಿರುಗುವುದನ್ನು ಬಸ್ಸಿಗೆ ಬಿಡಿ. ಮಹಾತ್ಮ ಗಾಂಧಿ ಬಸ್ ನಿಲ್ದಾಣದಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳು ಕಲಬುರಗಿ, ಯಾದಗಿರಿ, ಬೀದರ ಮೂರೂ ಜಿಲ್ಲೆಗಳಿಗೆ ಬರುತ್ತವೆ, ಮೆಟ್ರೋ ಆ ನಿಲ್ದಾಣದವರೆಗೂ ಹೋಗುತ್ತದೆ. ಪಂದ್ಯ ಮುಗಿದಾಗ ಹೊರಡಬಹುದು, ಬೇಗ ಮುಗಿದರೆ ವಸತಿಗೃಹದ ಒಂದು ದಿನದ ಬಾಡಿಗೆಯೂ ಉಳಿಯುತ್ತದೆ. ಆಟ ನಿಂತ ಕೂಡಲೇ ಎದ್ದು ನುಗ್ಗದೆ, ಅರ್ಧ ಗಂಟೆ ಕುಳಿತಿದ್ದು ಗುಂಪು ಕರಗಿದ ಮೇಲೆ ಮೆಟ್ರೋ ಹತ್ತಿ.

ಭಾನುವಾರ ಅಕ್ಕೋರ ಮನೆಯಲ್ಲಿ ಐವರೂ ಸೇರಿದೆವು. ಪೋಪ್ 196ರವರೆಗೆ ಹೋದ, ಗೆಲ್ಲಲು 231 ಬೇಕಿದ್ದ ಭಾರತ 202ಕ್ಕೆ ಮುಗಿಯಿತು, ಮೊದಲ ಎಸೆತಕ್ಕೆ ಸಿಕ್ಸರ್ ಹೊಡೆಸಿಕೊಂಡಿದ್ದ ಅದೇ ಹಾರ್ಟ್ಲಿ 62 ರನ್ನಿಗೆ ಏಳು ವಿಕೆಟ್ ಕಿತ್ತ. ಸೋಲಿನ ಅಂತರ 28 ರನ್. ಕೊನೆಯವನಾಗಿ ಹೈದರಾಬಾದಿನ ಹುಡುಗ ಸಿರಾಜ್ ಸ್ಟಂಪ್ ಆದಾಗ ಸ್ಕೋರ್ ಪುಸ್ತಕ ಟೀಪಾಯಿಯ ಮೇಲೆ ತೆರೆದೇ ಇತ್ತು, ಮೊದಲ ಮೂರು ದಿನದ ಪುಟಗಳು ತುಂಬಿದ್ದವು, ನಾಲ್ಕನೆಯದು ಖಾಲಿ. ಟಿವಿ ನೋಡಿ ಬರೆದುಬಿಡಲೇ ಎಂದು ಬ್ಯಾಂಕಿನ ಗೆಳೆಯರು ಕೇಳಿದ್ದಕ್ಕೆ ಹಿರಿಯರು ಬೇಡವೆಂದು ತಲೆಯಾಡಿಸಿ ನನ್ನ ಕಡೆ ತಿರುಗಿದರು: "ಮುಂದಿನ ಸಲ ಐದೂ ದಿನದ ಟಿಕೆಟ್ ತಗಸ್ರಿ ಮಾಸ್ತರ್."