ಫಿಲಡೆಲ್ಫಿಯಾ ಜ್ವರ, 177 ಪೌಂಡ್ ಲಾಸು, ಮತ್ತೆ ನನ್ನ ಟರ್ಮ್ ಪೇಪರ್

ಊರಿಂದ ಫೋನ್ ಮಾಡೋರೆಲ್ಲ ಕೇಳೋದು ಒಂದೇ, ಅಮೆರಿಕಾಗೆ ಏನ್ ಮಹಾ ಹಿಸ್ಟರಿ ಇದೆ ಮಾರಾಯ, 250 ವರ್ಷ ತಾನೇ, ಅದನ್ನ ಓದಕ್ಕೆ ಅಷ್ಟ್ ದೂರ ಹೋಗ್ಬೇಕಿತ್ತಾ ಅಂತ. ಹೌದಪ್ಪ, 250 ವರ್ಷಾನೇ. ಅದ್ರಲ್ಲಿ ನಾನು ಹಿಡ್ಕೊಂಡಿದ್ದು ಬರೀ 1793ರ ಆಗಸ್ಟಿಂದ ನವೆಂಬರ್ ತನಕ, ಅಷ್ಟಕ್ಕೇ ಇಡೀ ಸೆಮಿಸ್ಟರ್ ಸಾಕಾಗ್ಲಿಲ್ಲ.

ಇಲ್ಲಿ ಪೇಪರ್ ಅಂದ್ರೆ ನಾವು ಬಿಎ ಎಕ್ಸಾಮಲ್ಲಿ ಕಾರಣಗಳು, ಪರಿಣಾಮಗಳು ಅಂತ ಹೆಡ್ಡಿಂಗ್ ಹಾಕಿ ತುಂಬಿಸ್ತಿದ್ವಲ್ಲ ಹಂಗಲ್ಲ. ಮೊದ್ಲು ಒಂದು ಪುಟದ ಪ್ರಪೋಸಲ್, ಆಮೇಲೆ ಯಾವ್ ಯಾವ್ ಮೂಲ ದಾಖಲೆ ನೋಡ್ತೀಯ ಅನ್ನೋ ಪಟ್ಟಿ, ಆಮೇಲೆ ಡ್ರಾಫ್ಟು. ನಮ್ಮ ಚಿಕ್ಕಪ್ಪಂಗೆ ನಾನು ಹೈದರ್ ಅಲಿ ಹಡಗಿನ ಮೇಲೇ ಬರೀಬೇಕು ಅಂತ ಆಸೆ. 1782ರಲ್ಲಿ ಪೆನ್ಸಿಲ್ವೇನಿಯಾದವ್ರು ತಮ್ಮ ಯುದ್ಧದ ಹಡಗೊಂದಕ್ಕೆ ನಮ್ಮ ಹೈದರನ ಹೆಸರಿಟ್ಟಿದ್ರು, ಜೋಶುವಾ ಬಾರ್ನಿ ಅನ್ನೋನು ಅದ್ರಲ್ಲಿ ಹೋಗಿ ಡೆಲಾವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಂಕ್ ಹಡಗನ್ನ ಹಿಡ್ಕೊಂಡ್ ಬಂದ. ಕಥೆ ಏನೋ ಜೋರಾಗಿದೆ, ಆದ್ರೆ ಪ್ರೊಫೆಸರ್ ಎಲ್ರಿಗೂ ಕೇಳೋ ಪ್ರಶ್ನೆ, "ನೀನ್ ಹೇಳೋದನ್ನ ಒಪ್ಪದೇ ಇರೋರು ಯಾರಿದಾರೆ?" ಹೈದರ್ ಹಡಗಿನ ವಿಷ್ಯದಲ್ಲಿ ಜಗಳಕ್ಕೆ ಯಾರೂ ಸಿಗಲ್ಲ, ನಮಗೆ ಖುಷಿಯಾಗುತ್ತೆ ಅಷ್ಟೇ. ಬಿಟ್ಟೆ.

1793ರ ಹಳದಿ ಜ್ವರದಲ್ಲಿ ಬೇಕಾದಷ್ಟು ಜಗಳ ಇದೆ. ಆಗ ಫಿಲಡೆಲ್ಫಿಯಾನೇ ದೇಶದ ರಾಜಧಾನಿ, ಜನ ಸುಮಾರು 50,000, ಅದ್ರಲ್ಲಿ ಹತ್ತತ್ರ 5,000 ಜನ ಹೋಗ್ಬಿಟ್ರು. ಅಧ್ಯಕ್ಷ ವಾಷಿಂಗ್ಟನ್ ತನ್ನೂರು ಮೌಂಟ್ ವರ್ನನ್ನಿಗೆ ಹೊರಟ, ಹಣಕಾಸು ಮಂತ್ರಿ ಹ್ಯಾಮಿಲ್ಟನ್ಗೂ ಜ್ವರ ಬಂದು ಹೆಂಗೋ ಉಳ್ಕೊಂಡ. ಸೊಳ್ಳೆ ಕಚ್ಚಿ ಬರೋ ಜ್ವರ ಅಂತ ಆಗ ಯಾರಿಗೂ ಗೊತ್ತಿಲ್ಲ. ಊರಿಗೇ ದೊಡ್ಡ ಡಾಕ್ಟರ್ ಬೆಂಜಮಿನ್ ರಷ್, ಹಡಗುಕಟ್ಟೆ ಮೇಲೆ ಕೊಳೀತಾ ಬಿದ್ದಿದ್ದ ಕಾಫಿ ವಾಸನೆಯಿಂದಲೇ ಜ್ವರ ಶುರುವಾಯ್ತು ಅಂತ ಬರ್ದ. ಇದನ್ನ ಫೋನಲ್ಲಿ ಅಪ್ಪಂಗೆ ಹೇಳ್ದೆ. "ಹಂಗಾದ್ರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರ್ ನೀರಿನ ವಾಸನೆಗೆ ಸಕಲೇಶಪುರ ತಾಲ್ಲೂಕೇ ಖಾಲಿಯಾಗ್ಬೇಕಿತ್ತಲ್ಲೋ" ಅಂದ್ರು.

ಅದೇ ರಷ್, ಕಪ್ಪು ಜನಕ್ಕೆ ಈ ಜ್ವರ ತಾಗಲ್ಲ ಅಂತ ನಂಬ್ಕೊಂಡು, ರೋಗಿಗಳನ್ನ ನೋಡ್ಕೊಳ್ಳಕ್ಕೆ ಬನ್ನಿ ಅಂತ ಅವ್ರನ್ನ ಕರೆದ. ಆ ಸಮುದಾಯದ ಮುಖಂಡ್ರು ಅಬ್ಸಲಂ ಜೋನ್ಸ್ ಮತ್ತೆ ರಿಚರ್ಡ್ ಅಲೆನ್, ಇಬ್ರೂ ಗುಲಾಮರಾಗಿದ್ದು ಆಮೇಲೆ ಬಿಡುಗಡೆ ಪಡ್ಕೊಂಡೋರು. ಇವ್ರ ಜನ ಶುಶ್ರೂಷೆ ಮಾಡಿದ್ರು, ಹೆಣ ಹೊತ್ರು, ಹೂತ್ರು. ಜ್ವರ ತಾಗಲ್ಲ ಅನ್ನೋದು ಎಷ್ಟ್ ಸುಳ್ಳು ಅಂದ್ರೆ, 1792ರಲ್ಲಿ ಹೂತ ಕಪ್ಪು ಜನ 67, 1793ರಲ್ಲಿ 305.

ಇಷ್ಟಾದ್ಮೇಲೆ ಮ್ಯಾಥ್ಯೂ ಕೇರಿ ಅನ್ನೋ ಪ್ರಿಂಟರ್ ಜ್ವರದ ಮೇಲೆ ಪುಸ್ತಕ ಮಾಡಿದ, ಬಿಸಿ ದೋಸೆ ಥರ ಖರ್ಚಾಯ್ತು. ಅದ್ರಲ್ಲಿ ಜೋನ್ಸ್ ಅಲೆನ್ ಇಬ್ರನ್ನೂ ಹೆಸರು ಹೇಳಿ ಹೊಗಳ್ತಾನೆ, ಆದ್ರೆ ಕೆಲವು ಕಪ್ಪು ನರ್ಸುಗಳು ಒಂದು ಡಾಲರ್ ಆಗೋ ಕೆಲ್ಸಕ್ಕೆ ರಾತ್ರಿಗೆ ಎರಡು, ಮೂರು, ನಾಲ್ಕು, ಐದು ಡಾಲರ್ ತನಕ ಸುಲಿಗೆ ಮಾಡಿದ್ರು ಅಂತಾನೂ ಬರೀತಾನೆ. 1794ರಲ್ಲಿ ಜೋನ್ಸ್ ಅಲೆನ್ ಇಬ್ರೂ ಅದಕ್ಕೆ ಉತ್ತರ ಅಚ್ಚು ಹಾಕ್ಸಿದ್ರು. ನನ್ನ ಪೇಪರ್ ಇವೆರಡರ ಮಧ್ಯ ಕೂತ್ಕೊಂಡ್ತು, ಪ್ರಶ್ನೆನೂ ಒಂದೇ ಲೈನಿಗೆ ಇಳೀತು: ರೇಟ್ ಏರ್ಸಿದ್ದು ಯಾರು?

ಓದೋದೇ ಒಂದು ಸಾಹಸ. ಆಗಿನ ಅಚ್ಚಲ್ಲಿ ಎಸ್ ಅಕ್ಷರ ಎಫ್ ಥರ ಕಾಣುತ್ತೆ, ಹಾಗಾಗಿ ಕಂಪ್ಯೂಟರಲ್ಲಿ 'ಸಿಕ್' ಅಂತ ಹುಡುಕಿದ್ರೆ ಏನೂ ಬರಲ್ಲ, 'ಫಿಕ್' ಅಂತ ಹುಡುಕ್ಬೇಕು. ಮೂಲ ಪ್ರತಿ ನೋಡಕ್ಕೆ ಫಿಲಡೆಲ್ಫಿಯಾದ ಲೈಬ್ರರಿ ಕಂಪನಿ ಅನ್ನೋ ಗ್ರಂಥಾಲಯಕ್ಕೆ ಹೋಗ್ತಿದ್ದೆ, ಫ್ರಾಂಕ್ಲಿನ್ 1731ರಲ್ಲಿ ಶುರು ಮಾಡಿದ್ದು, ಪೆನ್ ತೆಗೆಯೋ ಹಾಗಿಲ್ಲ, ಪೆನ್ಸಿಲ್ ಮಾತ್ರ.

ಮಜಾ ಇರೋದು ಜೋನ್ಸ್ ಅಲೆನ್ ತಮ್ಮ ಉತ್ತರದಲ್ಲಿ ಕೊಟ್ಟಿರೋ ಲೆಕ್ಕದಲ್ಲಿ (ಆಗ 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್). ಹೆಣ ಹೂತಿದ್ದಕ್ಕೆ, ಹಾಸಿಗೆ ಹೂತಿದ್ದಕ್ಕೆ ಬಂದ ದುಡ್ಡು 233 ಪೌಂಡ್ 10 ಶಿಲ್ಲಿಂಗ್ 4 ಪೆನ್ಸ್. ಶವಪೆಟ್ಟಿಗೆಗೆ ಕೈಯಿಂದ ಹಾಕಿದ್ದು 33 ಪೌಂಡ್. ಐದು ಜನ ಆಳುಗಳು, ಮೂವರು 70 ದಿನ, ಇಬ್ರು 63 ದಿನ, ಒಬ್ಬೊಬ್ರಿಗೆ ದಿನಕ್ಕೆ 22 ಶಿಲ್ಲಿಂಗ್ 6 ಪೆನ್ಸ್, ಒಟ್ಟು 378 ಪೌಂಡ್. ಕಳೆದ್ರೆ 177 ಪೌಂಡ್ 9 ಶಿಲ್ಲಿಂಗ್ 8 ಪೆನ್ಸ್ ಲಾಸು. ನಾನೂ ಕೂಡಿ ಕಳ್ದು ನೋಡ್ದೆ, ಒಂದು ಪೆನ್ಸೂ ಆಚೀಚೆ ಇಲ್ಲ.

ಆದ್ರೆ ಸರಿಯಾಗಿ ನೋಡಿ, ಕೇರಿ ದೂರಿದ್ದು ನರ್ಸುಗಳ ಮೇಲೆ, ಇವ್ರು ಕೊಟ್ಟಿದ್ದು ಹೆಣ ಹೂಳೋ ಲೆಕ್ಕ. ಕ್ಲಾಸಲ್ಲಿ ಒಬ್ಬ ಇದು ಜಾಣತನದ ಜಾರಿಕೆ ಅಂದ. ನಂಗೆ ಹಂಗನ್ಸಲ್ಲ. ಪೆನ್ಸಿಲ್ವೇನಿಯಾ ಲೆಕ್ಕದಲ್ಲಿ ಆಗ ಒಂದು ಡಾಲರ್ ಅಂದ್ರೆ 7 ಶಿಲ್ಲಿಂಗ್ 6 ಪೆನ್ಸ್, ಅಂದ್ರೆ ಆ 22 ಶಿಲ್ಲಿಂಗ್ 6 ಪೆನ್ಸ್ ಸರಿಯಾಗಿ ಮೂರು ಡಾಲರ್! ತಾವೇ ಕೂಲಿ ಕೊಡ್ಬೇಕಾದಾಗ್ಲೂ ಮೂರು ಡಾಲರಿಗೆ ಕಮ್ಮಿ ಆಳು ಸಿಕ್ಕಿಲ್ಲ, ಹಂಗಿರುವಾಗ ಕೇರಿಯ ಒಂದು ಡಾಲರ್ 'ನ್ಯಾಯವಾದ ರೇಟು' ಆ ತಿಂಗಳಿಗೆ ಹೊಂದಲ್ಲ. ರೇಟ್ ಹೆಂಗೇರ್ತು ಅಂತಾನೂ ಬರ್ದಿದಾರೆ: ಮೇಯರ್ ಕ್ಲಾರ್ಕ್ಸನ್ ಇವ್ರನ್ನ ಕರ್ಸಿ ನರ್ಸುಗಳ ಕೂಲಿ ಇಳ್ಸಿ ಅಂದ, ಇವ್ರು, ಸ್ವಾಮಿ, ಜನಾನೇ ಒಬ್ಬರ ಮೇಲೊಬ್ರು ಜಾಸ್ತಿ ಕೊಡ್ತೀನಿ ಅಂತ ಎಳ್ಕೊಂಡ್ ಹೋಗ್ತಿದಾರೆ ಅಂತ ವಿವರಿಸಿದ್ರು, ಮಾತು ಅಲ್ಲಿಗೇ ನಿಂತ್ತು. ನಮ್ಮಲ್ಲಿ ಕೆಲವ್ರು ತಪ್ಪು ಮಾಡಿದಾರೆ ಅಂತಾನೂ ಒಪ್ಕೋತಾರೆ, ಬಿಳಿಯರೂ ಮಾಡಿದಾರೆ ಅಂತ ಉದಾಹರಣೆ ಕೊಡ್ತಾರೆ. ಒಂದು ಏಟಂತೂ ಸಖತ್ತಾಗಿದೆ, ಸುಲಿಗೆ ಮಾಡಿದ ಹನ್ನೆರಡು ನರ್ಸುಗಳಿಗಿಂತ ಕೇರಿ ತನ್ನ ಪುಸ್ತಕ ಮಾರಿ ಜಾಸ್ತಿ ದುಡ್ಡು ಮಾಡಿದಾನೆ ಅಂತಾರೆ!

ಡ್ರಾಫ್ಟ್ ವಾಪಸ್ ಬಂದಾಗ ಮಾರ್ಜಿನಲ್ಲಿ ಪ್ರೊಫೆಸರ್ ಬರ್ದಿದ್ದು, ರಷ್ ಬಗ್ಗೆ ಇರೋ ಎರಡು ಪುಟ ಕಿತ್ತಾಕು, ಆ ಐದು ಆಳುಗಳ ಬಗ್ಗೆ ಬರಿ ಅಂತ. ಲೆಕ್ಕದಲ್ಲಿ ಅವ್ರ ದಿನ ಇದೆ, ಕೂಲಿ ಇದೆ, ಹೆಸರಿಲ್ಲ. ಕಿತ್ತಾಕ್ದೆ, ಕಾಫಿ ಕಥೆನೂ ಹೋಯ್ತು, ಅದಕ್ಕೇ ಇಲ್ಲಿ ಬರ್ದಿದೀನಿ.

ಎರಡು ಪುಸ್ತಕಾನೂ ಆನ್‌ಲೈನಲ್ಲಿ ಫ್ರೀಯಾಗಿ ಸಿಗುತ್ತೆ, ಇಂಗ್ಲಿಷ್ ಹಳೇದಾದ್ರೂ ಕಷ್ಟ ಇಲ್ಲ. ಮೊದ್ಲು ಕೇರಿದು ಓದಿ, ಆಮೇಲೆ ಉತ್ತರ ಓದಿ. ಉಲ್ಟಾ ಓದಿದ್ರೆ ಕೇರಿ ಮೇಲೆ ಮೊದ್ಲೇ ಸಿಟ್ಟು ಬಂದ್ಬಿಡುತ್ತೆ, ಆಮೇಲೆ ಅವನು ಹೇಳೋದು ಒಂದೂ ತಲೆಗೆ ಹೋಗಲ್ಲ.