ನೆಟ್‌ವರ್ಕ್ ಇಲ್ಲದ ಘಾಟಿಯಲ್ಲಿ ನೀಲಿ ಚುಕ್ಕೆ

ಚಾರ್ಮಾಡಿ ಘಾಟಿಯಲ್ಲಿ ನೆಟ್‌ವರ್ಕ್ ಪೂರ್ತಿ ಹೋದರೂ ಮೊಬೈಲ್ ನಕ್ಷೆಯ ನೀಲಿ ಚುಕ್ಕೆ ಮಾತ್ರ ಬಸ್ಸಿನ ಜೊತೆಗೇ ತಿರುವು ತಿರುವಾಗಿ ಇಳಿಯುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರು ಕೇಳಿದರು: "ಇಂಟರ್ನೆಟ್ ಇಲ್ಲದೆ ಇದಕ್ಕೆ ಹೇಗೆ ಗೊತ್ತಾಗುತ್ತದೆ?" ಎಷ್ಟು ಒಳ್ಳೆಯ ಪ್ರಶ್ನೆ!

ನಾವಿರುವ ಜಾಗ ತಿಳಿಯಲು ಡೇಟಾ ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ಫೋನಿನೊಳಗಿನ ಚಿಪ್ ನೇರವಾಗಿ ಹಿಡಿಯುತ್ತದೆ; ನಾಲ್ಕು ಉಪಗ್ರಹ ಸಿಕ್ಕರೆ ಲೆಕ್ಕ ಕೂಡುತ್ತದೆ. ಅದಕ್ಕಾಗಿ ಫೋನ್ ಏನನ್ನೂ ಕಳುಹಿಸಬೇಕಿಲ್ಲ, ಆಲಿಸಿದರೆ ಸಾಕು. ನೆಟ್‌ವರ್ಕ್ ಇದ್ದರೆ ಉಪಗ್ರಹಗಳನ್ನು ಬೇಗ ಹುಡುಕಿಕೊಳ್ಳುತ್ತದೆ, ಅಷ್ಟೆ. ದಟ್ಟ ಮರಗಳ ಕೆಳಗೆ ಚುಕ್ಕೆ ಕೊಂಚ ಅತ್ತಿತ್ತ ಜಾರುವುದುಂಟು.

ಡೇಟಾ ಬೇಕಾಗುವುದು ನಕ್ಷೆಗೆ. ಆದ್ದರಿಂದ ಮಲೆನಾಡಿಗೆ ಹೊರಡುವವರು ಮನೆಯ ವೈಫೈಯಲ್ಲೇ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ, ದಯವಿಟ್ಟು. ಜನರೇ ಸೇರಿ ರಚಿಸುವ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಓಸ್ಮ್‌ಆಂಡ್ ಆ್ಯಪ್ ನನ್ನ ಅಚ್ಚುಮೆಚ್ಚು. ಅದರಲ್ಲಿ ಎಷ್ಟೋ ಕಾಲುದಾರಿಗಳೂ ಇವೆ.

ಈಗ ಜಿಪಿಎಸ್‌ನಂಥದ್ದೇ ನಮ್ಮ ದೇಶದ ಉಪಗ್ರಹ ವ್ಯವಸ್ಥೆಯಾದ ಇಸ್ರೋದ ನಾವಿಕ್‌ನ ಸಂಕೇತ ಹಿಡಿಯುವ ಫೋನುಗಳೂ ಬಂದಿವೆ. ನಾವಿಕ್‌ನ ಸಂಚರಣಾ (ನ್ಯಾವಿಗೇಷನ್) ಕೇಂದ್ರ ಇರುವುದು ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿ ಎಂದಾಗ ಆ ಹಿರಿಯರಿಗಿಂತ ನನಗೇ ಹೆಚ್ಚು ಹೆಮ್ಮೆಯಾಯಿತು.