ರೋಬೋಟ್ ವ್ಯಾಕ್ಯೂಮ್ ದಾರಿ ತಪ್ಪುವುದೇಕೆ?

ನಮ್ಮ ಮನೆಯ ರೋಬೋಟ್ ವ್ಯಾಕ್ಯೂಮ್ ಕಸ ಹೀರುವುದರಲ್ಲಿ ತೊಂದರೆ ಕೊಟ್ಟಿದ್ದು ಕಡಿಮೆ. ಅದರ ತಕರಾರೆಲ್ಲ ದಾರಿಯದು. ನಿಂತಲ್ಲೇ ಸುತ್ತುವುದು, ಗುಡಿಸಿದ ಮೂಲೆಯನ್ನೇ ಮತ್ತೆ ಗುಡಿಸಿ ಪಕ್ಕದ ಕೋಣೆಯನ್ನು ಬಿಟ್ಟುಬಿಡುವುದು, ಚಾರ್ಜಿಂಗ್ ಡಾಕ್ ಎದುರಿಗಿದ್ದರೂ ಕಾಣದೆ ಬ್ಯಾಟರಿ ಮುಗಿಸಿಕೊಂಡು ನಿಲ್ಲುವುದು, ಇವನ್ನೆಲ್ಲ ಕಂಡಾಗ ಯಂತ್ರದ ಬುದ್ಧಿಯೇ ಕೆಟ್ಟಿದೆ ಅನ್ನಿಸುವುದು ಸಹಜ. ಆದರೆ ಬಹುತೇಕ ಸಲ ಬುದ್ಧಿ ನೆಟ್ಟಗೇ ಇರುತ್ತದೆ, ಅದರ ಸೆನ್ಸರ್‌ಗಳಲ್ಲಿ ಒಂದು ಮೋಸಹೋಗಿರುತ್ತದೆ. ಯಾವುದೆಂದು ಪತ್ತೆಹಚ್ಚಿದರೆ ಅರ್ಧ ರಿಪೇರಿ ಮುಗಿದಂತೆ.

ಐರೋಬೋಟ್ ಕಂಪನಿ 2002ರಲ್ಲಿ ತಂದ ರೋಬೋಟ್ ವ್ಯಾಕ್ಯೂಮ್, ಮೊದಲ ರೂಂಬಾಗೆ ನಕ್ಷೆಯೆಂಬುದೇ ಇರಲಿಲ್ಲ. ಅದು ಗೋಡೆಗೆ ಮುಟ್ಟಿ, ತಿರುಗಿ, ಇನ್ನೊಂದು ದಿಕ್ಕಿಗೆ ಹೊರಡುತ್ತಿತ್ತು. ನೀಟೋ ಎಂಬ ಇನ್ನೊಂದು ಕಂಪನಿಯ 2010ರ ಯಂತ್ರದ ನೆತ್ತಿಯ ಮೇಲೆ ತಿರುಗುವ ಲೇಸರ್ ಬಂದಿತು. ಅದು ಸೆಕೆಂಡಿಗೆ ಸುಮಾರು 5 ಸುತ್ತು ತಿರುಗುತ್ತಾ, ಡಿಗ್ರಿಗೊಂದರಂತೆ ಸುತ್ತಲಿನ ದೂರಗಳನ್ನು ಅಳೆಯುತ್ತಿತ್ತು. ಲೇಸರ್ ಇರುವ ಇಂದಿನ ಯಂತ್ರಗಳೂ ಈ ದೂರಗಳನ್ನು ಚಕ್ರ ಉರುಳಿದ ಲೆಕ್ಕದೊಂದಿಗೂ ಜೈರೋಸ್ಕೋಪ್ ಹೇಳುವ ತಿರುವಿನೊಂದಿಗೂ ಹೊಂದಿಸಿ, ನಕ್ಷೆಯನ್ನೂ ಅದರಲ್ಲಿ ತಾವಿರುವ ಜಾಗವನ್ನೂ ಏಕಕಾಲಕ್ಕೆ ಊಹಿಸುತ್ತವೆ. ಒಂದು ಲೆಕ್ಕ ತಪ್ಪಿದರೆ ಮತ್ತೊಂದು ಸರಿಪಡಿಸುತ್ತದೆ. ಎರಡೂ ತಪ್ಪಿದರೆ ನಕ್ಷೆ ಓರೆಯಾಗಿ, ಒಂದೇ ಗೋಡೆ ಎರಡಾಗಿ ಮೂಡುತ್ತದೆ.

ಲೇಸರನ್ನು ಎಲ್ಲಕ್ಕಿಂತ ಚೆನ್ನಾಗಿ ಮರುಳು ಮಾಡುವುದು ಕನ್ನಡಿ. ನೆಲದವರೆಗೂ ಇಳಿದ ಕನ್ನಡಿಯಿದ್ದರೆ ಗೋಡೆಯಾಚೆ ಇಲ್ಲದ ಕೋಣೆಯೊಂದು ನಕ್ಷೆಯಲ್ಲಿ ಹುಟ್ಟಿಕೊಳ್ಳುತ್ತದೆ, ಯಂತ್ರವೂ ಶ್ರದ್ಧೆಯಿಂದ ಅಲ್ಲಿಗೆ ಹೋಗಲು ಹವಣಿಸುತ್ತದೆ. ಆಪ್‌ನಲ್ಲಿ ನಿಷೇಧದ ಗೆರೆ ಎಳೆದರೆ ಅದು ಹೋಗುವುದು ನಿಲ್ಲುತ್ತದೆಯೇ ಹೊರತು ಕಾಣುವುದು ನಿಲ್ಲುವುದಿಲ್ಲ. ಹಾಗಾಗಿ ಲೇಸರ್ ಗೋಪುರದ ಎತ್ತರಕ್ಕೆ ಸರಿಯಾಗಿ ಕನ್ನಡಿಗೆ ಬೆಳಕು ದಾಟದ, ಹೊಳಪಿಲ್ಲದ ಕಾಗದದ ಪಟ್ಟಿ ಅಂಟಿಸುವುದೇ ಮೇಲೆಂದು ನನ್ನ ಅಭಿಪ್ರಾಯ. ನೋಡಲು ಚೆಂದವಲ್ಲ, ಆದರೆ ಕೆಲಸ ಮಾಡುತ್ತದೆ. ಬೆಳಕು ಹಾದುಹೋಗುವ ಗಾಜಿನ ಬಾಗಿಲಿಗೂ ಇದೇ ಉಪಾಯ. ಲೇಸರ್ ನೋಡುವುದು ಅದೊಂದೇ ಎತ್ತರದಲ್ಲಿ ಎಂಬುದನ್ನೂ ಮರೆಯಬಾರದು: ನೆಲದಲ್ಲಿ ಬಿದ್ದ ಚಾರ್ಜರ್ ವೈರು, ಕಾಲುಚೀಲ ಅದಕ್ಕೆ ಕಾಣುವುದೇ ಇಲ್ಲ.

ಕಪ್ಪು ಜಮಖಾನದ ಅಂಚಿಗೆ ಬಂದು ಹಿಂದೆ ಸರಿಯುವ ಯಂತ್ರಕ್ಕೆ ಬೇರೆಯೇ ಕಾರಣವಿದೆ. ಮೆಟ್ಟಿಲಿನಿಂದ ಬೀಳದಂತೆ ಕಾಯುವ ತಳದ ಸೆನ್ಸರ್‌ಗಳು ಅವಗೆಂಪು ಬೆಳಕನ್ನು ನೆಲಕ್ಕೆ ಬಿಟ್ಟು, ಮರಳಿ ಬರುವುದನ್ನು ಗಮನಿಸುತ್ತವೆ. ಕಪ್ಪು ಬಣ್ಣ ಅದನ್ನು ಹೀರಿಕೊಂಡರೆ ಮುಂದೆ ಪ್ರಪಾತವಿದೆಯೆಂದೇ ಅವುಗಳ ತೀರ್ಮಾನ. ಆ ಸೆನ್ಸರ್‌ಗಳ ಮೇಲೆ ಟೇಪ್ ಅಂಟಿಸುವವರಿದ್ದಾರೆ. ಮೆಟ್ಟಿಲಿರುವ ಮನೆಯಲ್ಲಿ ಅದು ಯಂತ್ರವನ್ನು ಕೈಯಾರೆ ತಳ್ಳಿದಂತೆಯೇ ಸರಿ. ಜಮಖಾನವನ್ನೇ ಬದಲಿಸುವುದು ಅಗ್ಗ.

ಚಕ್ರಗಳ ವಿಚಾರದಲ್ಲಿ ಶತ್ರು ಕೂದಲು. ಮುಂದಿನ ಪುಟ್ಟ ಚಕ್ರವನ್ನು ಎಳೆದು ತೆಗೆದು ಅಚ್ಚಿಗೆ ಸುತ್ತಿದ ಕೂದಲನ್ನು ಬಿಡಿಸಿದರೆ ಎಷ್ಟೋ ಓರೆ ನಡಿಗೆ ನೇರವಾಗುತ್ತದೆ. ಬಂಪರನ್ನು ಎರಡೂ ಬದಿಯಲ್ಲಿ ಒತ್ತಿ, ಅದು ಸರಾಗವಾಗಿ ಹಿಂದಿರುಗುತ್ತದೆಯೇ ಎಂದು ನೋಡಬೇಕು; ಸಂದಿಯಲ್ಲಿ ಮರಳಿನ ಕಣ ಸಿಕ್ಕಿಕೊಂಡಿದ್ದರೆ ಯಂತ್ರವು ಸದಾ ಗೋಡೆಗೆ ತಾಗಿರುವೆನೆಂದು ಭಾವಿಸಿ ಹಿಂದೆ ಹಿಂದೆಯೇ ಸರಿಯುತ್ತದೆ.

ಕೆಲಸದ ನಡುವೆ ಅದನ್ನು ಎತ್ತಿ ಬೇರೆಡೆ ಇಡುವುದೂ ಗೊಂದಲಕ್ಕೆ ಕಾರಣ. ರೋಬೋಟ್ ವಿಜ್ಞಾನದಲ್ಲಿ ಇದಕ್ಕೆ ‘ಅಪಹೃತ ರೋಬೋಟ್’ ಸಮಸ್ಯೆ ಎಂದೇ ಹೆಸರು: ತಾನು ಕದಲಿಲ್ಲವೆಂದು ಚಕ್ರಗಳು ಹೇಳುತ್ತವೆ, ಸುತ್ತಲಿನ ಗೋಡೆಗಳು ಬೇರೆಯೇ ಹೇಳುತ್ತವೆ. ಡಾಕ್‌ನ ಜಾಗ ಬದಲಿಸಿದಾಗಲೂ ಇಂಥದೇ ಪಜೀತಿ. ಇಷ್ಟೆಲ್ಲ ನೋಡಿದ ಮೇಲೂ ನಕ್ಷೆ ಸರಿಹೋಗದಿದ್ದರೆ ಮಾತ್ರ ಅದನ್ನು ಅಳಿಸಿ, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಕುರ್ಚಿಗಳು ದಿನವೂ ಇರುವ ಜಾಗದಲ್ಲೇ ಇರುವಂತೆ ನೋಡಿಕೊಂಡು, ಡಾಕ್‌ನಿಂದಲೇ ಹೊಸ ನಕ್ಷೆಗೆ ಹೊರಡಿಸಬೇಕು.